ಗೋಡೆ ದಾಟುವ ಬಾಸ್, ವೈರಿನೊಳಗಿನ ಕಂಡೆನ್ಸರ್

ಸೀಲಿಂಗ್ ಫ್ಯಾನು ನಿಧಾನವಾದರೆ ಹುಬ್ಬಳ್ಳಿ ಕಡೆಯ ಎಲೆಕ್ಟ್ರಿಷಿಯನ್ ಕತ್ತೆತ್ತಿ ನೋಡುವ ಮೊದಲೇ ಹೇಳುವ ಮಾತು ಒಂದೇ: ‘ಕಂಡೆನ್ಸರ್ ಹೋಗೇತ್ರಿ.’ ಆ ಪುಟ್ಟ ಡಬ್ಬಿಯ ಮೇಲೆ ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್ ಎಂದು ಅಚ್ಚಾಗಿರುತ್ತದೆ. ಅಂಥದೇ ಹೊಸ ಡಬ್ಬಿಯೊಂದನ್ನು 8 ಓಮ್ ಟ್ವೀಟರಿಗೆ ಹೋಗುವ ವೈರಿನ ನಡುವೆ ಸೇರಿಸಿದಿರಿ ಅನ್ನಿ. ಸುಮಾರು 8,000 ಹರ್ಟ್ಸ್‌ನಿಂದ ಕೆಳಗಿನ ನಾದವೆಲ್ಲ ಸೊರಗುತ್ತ ಹೋಗಿ, ಹಾಡುವವರ ದನಿಯಲ್ಲಿ ಸಕಾರ ಶಕಾರಗಳ ಉಸಿರಷ್ಟೇ ಉಳಿಯುತ್ತದೆ. ಈಗ ಅದನ್ನೇ ಬಿಚ್ಚಿ ಫೋನಿನಿಂದ ಆಂಪ್ಲಿಫಯರಿಗೆ ಬರುವ ಆಡಿಯೊ ವೈರಿನಲ್ಲಿ ಸೇರಿಸಿ. ಆಂಪ್ಲಿಫಯರಿನ ಇನ್‌ಪುಟ್ ರೋಧ 10 ಕಿಲೊ ಓಮ್ ಇದ್ದರೆ ತಡೆ ಶುರುವಾಗುವುದು 6 ಹರ್ಟ್ಸ್ ಆಸುಪಾಸಿನಲ್ಲಿ. ಅಷ್ಟು ಕೆಳಗಿನದು ಮನುಷ್ಯರ ಕಿವಿಗೆ ಕೇಳುವುದೇ ಇಲ್ಲ. ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಡಬ್ಬಿ ಬದಲಾಗಿಲ್ಲ, ಅದರ ಮುಂದೆ ಇರುವುದು ಬದಲಾಗಿದೆ. ಮನೆಯ ಆಡಿಯೊ ವೈರಿಗೆ ಕಂಡೆನ್ಸರ್ ಹಾಕಿ ಬಾಸ್ ಕಡಿಮೆ ಮಾಡಬೇಕು ಎಂದು ಹೊರಟವರಲ್ಲಿ ಬಹಳ ಜನ ಎಡವುವುದು ಇಲ್ಲಿಯೇ. ಯಾರೋ ಹೇಳಿದ ಅಂಕಿ ಹಿಡಿದು ಅಂಗಡಿಗೆ ಹೋಗುತ್ತಾರೆ. ತಮ್ಮ ಆಂಪ್ಲಿಫಯರ್ ಯಾವುದು ಎಂದು ಕೇಳಿಕೊಳ್ಳುವುದಿಲ್ಲ.

ಇಷ್ಟಕ್ಕೂ ದುಡ್ಡು ಕೊಟ್ಟು ತಂದ ಬಾಸನ್ನು ಯಾರಾದರೂ ಯಾಕೆ ತಡೆಯಬೇಕು? ಬೈರಿದೇವರಕೊಪ್ಪದಂಥ ಜಾಗದಲ್ಲಿ ಈ ಪ್ರಶ್ನೆಗೆ ಉತ್ತರ ಪಕ್ಕದ ಮನೆಯಲ್ಲಿಯೇ ಸಿಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಳೆಯ ಪಿ.ಬಿ. ರಸ್ತೆಯಲ್ಲಿ ಉಣಕಲ್ ಕೆರೆ ದಾಟಿ, ನವನಗರ ಬರುವ ಮೊದಲು ಈ ಊರು. ಒಂದು ಕಾಲಕ್ಕೆ ಎರಡು ಊರಿನ ನಡುವಿನ ಹಳ್ಳಿ. ಈಗ ಚಿಗರಿ ಬಸ್ಸಿನ ಒಂದು ನಿಲ್ದಾಣ, ಸುತ್ತ ಲೇಔಟುಗಳು, ಬಾಡಿಗೆ ಮನೆಗಳು. ಧಾರವಾಡ ಸೀಮೆಯ ಹಳೆಯ ಮನೆಗಳ ಮಣ್ಣಿನ ಗೋಡೆ ಎರಡಡಿ ದಪ್ಪ ಇರುವುದುಂಟು. ಹೊಸ ಬಾಡಿಗೆ ಮನೆಗಳಲ್ಲಿ ಎರಡು ಸಂಸಾರದ ನಡುವೆ ಇರುವುದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ.

ಗೋಡೆ ಶಬ್ದವನ್ನು ತಡೆಯುವುದು ಮುಖ್ಯವಾಗಿ ತನ್ನ ತೂಕದಿಂದ. ತೂಕ ಇಮ್ಮಡಿಯಾದರೆ ತಡೆ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ. ಶಬ್ದದ ಕಂಪನಾಂಕ ಅರ್ಧಕ್ಕಿಳಿದರೆ ತಡೆಯೂ ಅಷ್ಟೇ ಡೆಸಿಬಲ್ ಇಳಿಯುತ್ತದೆ. 1,000 ಹರ್ಟ್ಸ್‌ನಿಂದ 500, 250, 125, ಕೊನೆಗೆ 60ರ ಹತ್ತಿರ ಬರುವ ಹೊತ್ತಿಗೆ ಗೋಡೆ ತನ್ನ ತಡೆಯಲ್ಲಿ ಸುಮಾರು 24 ಡೆಸಿಬಲ್ ಕಳೆದುಕೊಂಡಿರುತ್ತದೆ. ಹಾಗಾಗಿ ನಿಮ್ಮ ಮನೆಯ ಹಾಡಿನ ಮಾತು ಪಕ್ಕದವರಿಗೆ ತಿಳಿಯುವುದಿಲ್ಲ, ರಾಗ ತಿಳಿಯುವುದಿಲ್ಲ. ಧಂ ಧಂ ಎಂಬುದಷ್ಟೇ ಹೋಗಿ ಮುಟ್ಟುತ್ತದೆ. ಹಾಡು ಇಲ್ಲದ ಬಡಿತ ಕೇಳಿಸಿಕೊಳ್ಳುವವರ ಸಿಟ್ಟು ನ್ಯಾಯವಾದದ್ದೇ.

ನಮ್ಮ ಕಾಯ್ದೆಯ ಅಳತೆಗೋಲು ಕೂಡ ಅವರ ನೆರವಿಗೆ ಪೂರ್ತಿ ಬರುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿ. ಈ ಡೆಸಿಬಲ್ ‘ಎ’ ತೂಕದ್ದು, ಅಂದರೆ ಮೆಲುದನಿಯಲ್ಲಿ ಕಿವಿಗೆ ಬಾಸ್ ಕಡಿಮೆ ಕೇಳುತ್ತದೆ ಎಂಬ ಲೆಕ್ಕ ಹಿಡಿದು ಮೀಟರು ತಾನೇ ಬಾಸನ್ನು ಕಡಿಮೆ ಎಣಿಸುತ್ತದೆ. 100 ಹರ್ಟ್ಸ್‌ನಲ್ಲಿ 19, 50 ಹರ್ಟ್ಸ್‌ನಲ್ಲಿ 30 ಡೆಸಿಬಲ್ ರಿಯಾಯಿತಿ. ಗಣಪತಿ ಮೆರವಣಿಗೆಯ ಡಿಜೆ ಮುಂದೆ ಹೋದಾಗ ಕಿಟಕಿ ಗಾಜು ನಡುಗಿಸುವುದನ್ನೇ ಮೀಟರು ಅರೆಗಣ್ಣಿನಲ್ಲಿ ನೋಡುತ್ತದೆ. ಆ ಡಿಜೆಗೆ ನಾವು ಕಂಡೆನ್ಸರ್ ಹಾಕಲಾಗದು. ನಮ್ಮ ಮನೆಯದಕ್ಕಾದರೂ ಹಾಕಬಹುದು.

ಪಕ್ಕದವರ ವಿಷಯ ಬಿಟ್ಟರೂ ಕಾರಣಗಳಿವೆ. ಸ್ಪೀಕರಿನ ಕೋನು ಅಷ್ಟೇ ಜೋರಿನ ನಾದ ಹೊರಡಿಸಲು, ಕಂಪನಾಂಕ ಅರ್ಧವಾದಾಗಲೆಲ್ಲ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಬೇಕು. 80 ಹರ್ಟ್ಸ್‌ನಲ್ಲಿ ಒಂದು ಮಿಲಿಮೀಟರ್ ಸರಿದದ್ದು 40 ಹರ್ಟ್ಸ್‌ನಲ್ಲಿ ನಾಲ್ಕು ಮಿಲಿಮೀಟರ್ ಸರಿಯಬೇಕು. ನಾಲ್ಕಿಂಚಿನ ಸಣ್ಣ ಸ್ಪೀಕರಿಗೆ ಅದು ಆಗದ ಕೆಲಸ. ಒದ್ದಾಡುತ್ತದೆ, ಒದ್ದಾಟದಲ್ಲಿ ಮೇಲಿನ ದನಿಯನ್ನೂ ಕೆಡಿಸುತ್ತದೆ. ಪಕ್ಕದಲ್ಲಿ ಸಬ್‌ವೂಫರ್ ಇದ್ದರಂತೂ ಸಣ್ಣ ಸ್ಪೀಕರಿಗೆ ಆ ಹೊರೆ ಹೊರಿಸುವುದು ದಂಡ. ಇನ್ನು ನಮ್ಮ ಹತ್ತು-ಹನ್ನೆರಡರ ಕೋಣೆ. ಹತ್ತಡಿ ಅಂತರದ ಎರಡು ಗೋಡೆಗಳ ನಡುವೆ 56 ಹರ್ಟ್ಸ್, ಹನ್ನೆರಡಡಿಯ ನಡುವೆ 47 ಹರ್ಟ್ಸ್ ಹತ್ತಿರದ ನಾದ ಅನುರಣಿಸಿ ಉಬ್ಬುತ್ತದೆ. ಸ್ಪೀಕರು ಮೂಲೆಯಲ್ಲಿದ್ದರೆ ಇನ್ನೂ ಜಾಸ್ತಿ. (ಮೊದಲು ಅದನ್ನು ಮೂಲೆಯಿಂದ ಎರಡಡಿ ಈಚೆ ಎಳೆದು ನೋಡಿ. ಅದಕ್ಕೆ ಬೆಸುಗೆ ಬೇಕಿಲ್ಲ.)

ಈಗ ಲೆಕ್ಕ. ಕಂಡೆನ್ಸರ್ ನೇರ ವಿದ್ಯುತ್ತನ್ನು ಬಿಡುವುದಿಲ್ಲ. ಹಿಂದೆ ಮುಂದೆ ಆಡುವ ವಿದ್ಯುತ್ತನ್ನು ಅದು ಎಷ್ಟು ಬೇಗ ಆಡುತ್ತದೋ ಅಷ್ಟು ಸಲೀಸಾಗಿ ಬಿಡುತ್ತದೆ. 0.1 ಮೈಕ್ರೊಫ್ಯಾರಡ್‌ನದು 10,000 ಹರ್ಟ್ಸ್‌ಗೆ ಬರೀ 159 ಓಮ್ ಅಡ್ಡಿ ಒಡ್ಡುತ್ತದೆ. 1,000 ಹರ್ಟ್ಸ್‌ಗೆ ಅದು 1,590 ಓಮ್, 50 ಹರ್ಟ್ಸ್‌ಗೆ ಸುಮಾರು 32,000 ಓಮ್. ಈ ಅಡ್ಡಿ ದಾಟಿದ ಮೇಲೆ ಸಿಗುವುದು ಆಂಪ್ಲಿಫಯರಿನ ಇನ್‌ಪುಟ್ ರೋಧ. ಬಂದ ವೋಲ್ಟೇಜನ್ನು ಇವೆರಡೂ ಹಂಚಿಕೊಳ್ಳುತ್ತವೆ. ಎರಡೂ ಸಮನಾಗುವ ಕಂಪನಾಂಕದಲ್ಲಿ ಸಂಕೇತ 3 ಡೆಸಿಬಲ್ ಇಳಿದಿರುತ್ತದೆ. ಅದನ್ನೇ ಕಡಿತದ ಬಿಂದು ಎನ್ನುವುದು. ಕ್ಯಾಲ್ಕುಲೇಟರಿಗೆ ಸುಲಭ ಸೂತ್ರ: 159ನ್ನು ಕಿಲೊ ಓಮ್ ಮತ್ತು ಮೈಕ್ರೊಫ್ಯಾರಡ್‌ಗಳ ಗುಣಲಬ್ಧದಿಂದ ಭಾಗಿಸಿ, ಹರ್ಟ್ಸ್ ಬರುತ್ತದೆ.

ಇನ್‌ಪುಟ್ ರೋಧ 20 ಕಿಲೊ ಓಮ್ ಇದ್ದ ಕಡೆ 0.1 ಮೈಕ್ರೊಫ್ಯಾರಡ್ ಹಾಕಿದರೆ ಕಡಿತ 80 ಹರ್ಟ್ಸ್. ಹೇಳಿ ಮಾಡಿಸಿದ ಹಾಗಿದೆ. ಅದೇ ಕಂಡೆನ್ಸರ್ 47 ಕಿಲೊ ಓಮ್‌ನ ಆಂಪ್ಲಿಫಯರಿನಲ್ಲಿ 34 ಹರ್ಟ್ಸ್‌ಗೆ ಇಳಿದು, ಇದ್ದೂ ಇಲ್ಲದಂತಾಗುತ್ತದೆ. 10 ಕಿಲೊ ಓಮ್‌ನದರಲ್ಲಿ 159ಕ್ಕೆ ಏರಿ ಗಂಡಸರ ದನಿಯ ಬುಡಕ್ಕೇ ಕೈ ಹಾಕುತ್ತದೆ; ವಾರ್ತೆ ಓದುವವರು ನೆಗಡಿಯಾದವರ ಹಾಗೆ ಕೇಳುತ್ತಾರೆ. 10 ಕಿಲೊ ಓಮ್‌ಗೆ 0.22, 47ಕ್ಕೆ 0.047 ಹಾಕಿದರೆ ಎರಡರಲ್ಲೂ ಕಡಿತ 72 ಹರ್ಟ್ಸ್‌ಗೆ ಬಂದು ನಿಲ್ಲುತ್ತದೆ.

ಇನ್‌ಪುಟ್ ರೋಧ ಎಷ್ಟು ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಪ್ಯಾಟಿಯಲ್ಲಿ ಜೋಡಿಸಿ ಮಾರುವ ಆಂಪ್ಲಿಫಯರಿಗೆ ಕೈಪಿಡಿ ಎಲ್ಲಿಯದು? ಅದನ್ನು ಮನೆಯಲ್ಲೇ ಅಳೆಯಬಹುದು, ಮತ್ತು ಈ ಇಡೀ ಉದ್ಯೋಗದಲ್ಲಿ ನನಗೆ ಅತಿ ಇಷ್ಟದ ಭಾಗ ಅದು. ಫೋನಿನಲ್ಲಿ ಟೋನ್ ಹೊರಡಿಸುವ ಆಪ್ ಹಾಕಿ 200 ಹರ್ಟ್ಸ್ ಇಡಿ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಸ್ಪೀಕರಿನ ಎರಡು ತುದಿಗೆ ಹಚ್ಚಿ. ವಾಲ್ಯೂಮನ್ನು ಮೀಟರು ಸರಿಯಾಗಿ ಓದುವಷ್ಟು, ಒಂದೆರಡು ವೋಲ್ಟಿನ ತನಕ, ಏರಿಸಿ. ಈಗ ಆಡಿಯೊ ವೈರಿನ ಒಳಗಿನ ಎಳೆಯಲ್ಲಿ 100 ಕಿಲೊ ಓಮ್‌ನ ಒಂದು ಪಾಟ್ (ತಿರುವಿದಂತೆ ರೋಧ ಬದಲಾಗುವ ಪೊಟೆನ್ಷಿಯೋಮೀಟರ್) ಸೇರಿಸಿ ನಿಧಾನ ತಿರುವುತ್ತ ಹೋಗಿ. ಮೀಟರಿನ ಅಂಕಿ ಸರಿಯಾಗಿ ಅರ್ಧಕ್ಕೆ ಬಂದಾಗ ನಿಲ್ಲಿಸಿ. ಪಾಟನ್ನು ಬಿಚ್ಚಿ ಓಮ್ ಅಳೆಯಿರಿ. ಬಂದ ಅಂಕಿಯೇ ನಿಮ್ಮ ಆಂಪ್ಲಿಫಯರಿನ ಇನ್‌ಪುಟ್ ರೋಧ. ಕೆಲವು ಸೆಟ್ಟುಗಳಲ್ಲಿ ವಾಲ್ಯೂಮ್ ತಿರುವಿದರೆ ಈ ರೋಧವೂ ತುಸು ಬದಲಾಗುತ್ತದೆ. ಆದ್ದರಿಂದ ನೀವು ದಿನಾ ಕೇಳುವ ಮಟ್ಟದ ಹತ್ತಿರ ಅಳೆದರೆ ಒಳ್ಳೆಯದು.

ಅಂಗಡಿಗೆ ಹೋದರೆ ‘ಪಾಯಿಂಟ್ ಒನ್ ಮೈಕ್ರೊಫ್ಯಾರಡ್’ ಎನ್ನುವುದಕ್ಕಿಂತ ‘ಒನ್ ಝೀರೊ ಫೋರ್ ಐತೇನ್ರಿ, ಪಾಲಿಯೆಸ್ಟರ್?’ ಎಂದು ಕೇಳಿದರೆ ಕೆಲಸ ಬೇಗ. 104 ಎಂದರೆ 10ರ ಮುಂದೆ ನಾಲ್ಕು ಸೊನ್ನೆ, ಒಂದು ಲಕ್ಷ ಪಿಕೊಫ್ಯಾರಡ್, ಅಂದರೆ 0.1 ಮೈಕ್ರೊಫ್ಯಾರಡ್. 224 ಅಂದರೆ 0.22, 473 ಅಂದರೆ 0.047. ಅಂಕಿಯ ಹಿಂದಿನ ಅಕ್ಷರ ‘ಜೆ’ ಇದ್ದರೆ ಹೆಚ್ಚು-ಕಡಿಮೆ ಶೇ 5ರೊಳಗೆ, ‘ಕೆ’ ಇದ್ದರೆ ಶೇ 10ರೊಳಗೆ. ಎಡಕ್ಕೂ ಬಲಕ್ಕೂ ಒಂದೇ ಥರ ಬೇಕಾದ್ದರಿಂದ ಜೆ ಕೇಳಿ. ಸೆರಾಮಿಕ್ ಬಿಲ್ಲೆಗಳಲ್ಲಿ ಹೆಚ್ಚಿನವುಗಳ ಮೈಕ್ರೊಫ್ಯಾರಡ್ ಬೆಲೆ ವೋಲ್ಟೇಜು, ಶಾಖಕ್ಕೆ ಏರಿಳಿಯುತ್ತದೆ, ಬೇಡ.

ಬೆಸುಗೆ ಹಾಕುವಾಗ ನೆನಪಿಡಬೇಕಾದ್ದು ವೈರಿನ ಎರಡು ಭಾಗ: ನಡುವಿನ ಸಣ್ಣ ಎಳೆ, ಅದರ ಸುತ್ತ ಹೆಣೆದ ಜಾಲರಿ. ಕಂಡೆನ್ಸರ್ ಹೋಗಬೇಕಾದ್ದು ನಡುವಿನ ಎಳೆಯಲ್ಲಿ ಮಾತ್ರ. ಆರ್‌ಸಿಎ ಪಿನ್ನಿನಿಂದ ಎರಡಿಂಚು ಹಿಂದೆ, ಆಂಪ್ಲಿಫಯರ್ ಕಡೆಯ ತುದಿಯಲ್ಲಿ, ಮೇಲಿನ ರಬ್ಬರನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಜಾಲರಿಯನ್ನು ಹರಿಯದೆ ಒಂದು ಪಕ್ಕಕ್ಕೆ ಸರಿಸಿ ಹೊಸೆಯಬೇಕು. ನಡುವಿನ ಎಳೆಯನ್ನು ಕತ್ತರಿಸಿ, ಎರಡೂ ತುದಿಯ ಪ್ಲಾಸ್ಟಿಕ್ ಸುಲಿದು, ತಾಮ್ರಕ್ಕೆ ಮೊದಲೇ ತವರ ಹಚ್ಚಿಟ್ಟುಕೊಳ್ಳಬೇಕು. ಕಂಡೆನ್ಸರಿನ ಕಾಲನ್ನು ಅರ್ಧ ಇಂಚಿಗೆ ಕತ್ತರಿಸಿ ಎರಡು ತುದಿಗೂ ಸೇರಿಸಿದರೆ ಒಂದೇ ಮುಟ್ಟಿಗೆ ಹಿಡಿದುಕೊಳ್ಳುತ್ತದೆ. ಬೆಸುಗೆಯನ್ನು ಮುಚ್ಚುವ ಸ್ಲೀವನ್ನು ಕತ್ತರಿಸಿದ ಎಳೆಗೆ ಮೊದಲೇ ಪೋಣಿಸಿರಬೇಕು. ಬೆಸುಗೆ ಆರಿದ ಮೇಲೆ ಮೇಜಿನ ಮೇಲೆ ಬಿದ್ದಿರುವ ಸ್ಲೀವು ಕಣ್ಣಿಗೆ ಬೀಳುವುದು ಈ ಕಸುಬಿನ ಹಳೆಯ ಶಾಪ. ಕಂಡೆನ್ಸರಿನ ಕಾಲು ಜಾಲರಿಗೆ ತಾಗಿದರೆ ಆ ಕಡೆಯ ಸ್ಪೀಕರು ಮೂಕ. ಜಾಲರಿ ಹರಿದು ಎರಡು ತುಂಡಾದರೆ ಗುಂಯ್ ಎನ್ನುವ ಹಮ್ ತುಂಬಿಕೊಳ್ಳುತ್ತದೆ. ಕಂಡೆನ್ಸರನ್ನು ಎಳೆಯ ನಡುವೆ ಹಾಕುವ ಬದಲು ಎಳೆಯಿಂದ ಜಾಲರಿಗೆ ಹಾಕಿದರೆ ಕೆಲಸ ತಲೆಕೆಳಗು. ಬಾಸ್ ಹಾಗೇ ಉಳಿದು ಮೇಲಿನ ನಾದ ಹೋಗುತ್ತದೆ. ಸಬ್‌ವೂಫರಿಗೆ ಹೋಗುವ ವೈರನ್ನು ಮುಟ್ಟಬಾರದು ಎಂದು ಬೇರೆ ಹೇಳಬೇಕಿಲ್ಲ.

ಹಮ್ ಅಂದದ್ದಕ್ಕೆ ಒಂದು ಮಾತು. ಕರೆಂಟಿನ 50 ಹರ್ಟ್ಸ್ ಹಮ್ ಹೋಗಲಿ ಎಂದೇ ಕೆಲವರು ಈ ಕಂಡೆನ್ಸರ್ ಹಾಕುತ್ತಾರೆ. 80 ಹರ್ಟ್ಸ್ ಕಡಿತ ಇಟ್ಟರೆ 50 ಹರ್ಟ್ಸ್‌ನದು ಇಳಿಯುವುದು ಐದೂವರೆ ಡೆಸಿಬಲ್ ಮಾತ್ರ, ಅದರ ಇಮ್ಮಡಿ 100 ಹರ್ಟ್ಸ್‌ನದು ಹೆಚ್ಚೂಕಡಿಮೆ ಹಾಗೇ ಬರುತ್ತದೆ. ಜಾಲರಿ ಸರಿಯಿದ್ದರೆ ಹಮ್ಮಿನ ಮೂಲ ಅರ್ಥಿಂಗಿನಲ್ಲಿ ಹುಡುಕಬೇಕು, ವೈರಿನಲ್ಲಲ್ಲ.

ಒಂದು ಕಂಡೆನ್ಸರ್ ಕತ್ತರಿಯ ಹಾಗೆ ಕಚಕ್ಕನೆ ಕತ್ತರಿಸುವುದಿಲ್ಲ ಎಂಬುದನ್ನು ಈ ಅಂಕಿಗಳೇ ಹೇಳುತ್ತಿವೆ. ಕಡಿತದ ಬಿಂದುವಿನಲ್ಲಿ 3, ಅದರ ಅರ್ಧದಲ್ಲಿ 7, ಕಾಲುಭಾಗದಲ್ಲಿ 12 ಡೆಸಿಬಲ್. ಉಣಕಲ್ ಕೆರೆಯ ದಂಡೆಯಂತೆ ನಿಧಾನದ ಇಳಿಜಾರು. ‘ಒಂದು ಸಾಲದಿದ್ದರೆ ಎರಡು ಹಾಕೋಣು’ ಎಂದು ಅದರ ಬೆನ್ನಿಗೆ ಅಂಥದೇ ಇನ್ನೊಂದನ್ನು ಪೋಣಿಸಿದರೆ ಇಳಿಜಾರು ಕಡಿದಾಗುವುದಿಲ್ಲ. ಸರಣಿಯಲ್ಲಿ ಎರಡು 0.1 ಸೇರಿ 0.05 ಆಗುತ್ತದೆ, ಕಡಿತ ಮೇಲಕ್ಕೆ 160ಕ್ಕೆ ಹಾರುತ್ತದೆ. ಕಡಿದಾದ ಇಳಿಜಾರು ಬೇಕಿದ್ದರೆ ಹೋಮ್ ಥಿಯೇಟರ್ ರಿಸೀವರಿನ ಮೆನುವಿನಲ್ಲಿ ಸ್ಪೀಕರನ್ನು ‘ಸ್ಮಾಲ್’ ಎಂದು ಇಟ್ಟರೆ ಸಾಕು; ಅದು ಸಾಮಾನ್ಯವಾಗಿ 80 ಹರ್ಟ್ಸ್‌ನಲ್ಲಿ ಡಿಜಿಟಲ್ ಲೆಕ್ಕದಿಂದ ಚೊಕ್ಕವಾಗಿ ಬೇರ್ಪಡಿಸುತ್ತದೆ. ಕಂಡೆನ್ಸರ್ ಇರುವುದು ಮೆನು ಇಲ್ಲದ ಆಂಪ್ಲಿಫಯರಿನವರಿಗೆ.

ಆಂಪ್ಲಿಫಯರ್ ದಾಟಿದ ಮೇಲೆ, ಸ್ಪೀಕರ್ ವೈರಿನಲ್ಲಿ ಇದೇ ಕೆಲಸ ಮಾಡಹೊರಟರೆ ಗಾತ್ರ ಬೆಳೆಯುತ್ತದೆ. 8 ಓಮ್‌ಗೆ 90 ಹರ್ಟ್ಸ್ ಬೇಕಿದ್ದರೆ 220 ಮೈಕ್ರೊಫ್ಯಾರಡ್, ಅದೂ ಧನ-ಋಣ ಇಲ್ಲದ ನಾನ್-ಪೋಲಾರ್ ಜಾತಿಯದು. ಕಾರಿನ ಅಂಗಡಿಗಳಲ್ಲಿ ಬಾಸ್ ಬ್ಲಾಕರ್ ಎಂದು ಮಾರುವುದು ಇದನ್ನೇ. ತೊಡಕೆಂದರೆ ‘8 ಓಮ್’ ಎಂಬುದು ಸ್ಪೀಕರಿನ ಬೆನ್ನ ಮೇಲಿನ ಬರಹ ಮಾತ್ರ. ಕೋನಿನ ಸ್ವಂತ ಅನುರಣನದ ಬಳಿ ಅದೇ ಸ್ಪೀಕರು 30 ಓಮ್ ತೋರಿಸಬಹುದು. ಅಲ್ಲಿ ಲೆಕ್ಕ ತಪ್ಪಿ, ತಡೆಯಬೇಕಾದ ಜಾಗದಲ್ಲೇ ಉಬ್ಬು ಬರುತ್ತದೆ. ಟ್ವೀಟರಿಗೆ ಸರಿ, ಬಾಸ್ ತಡೆಯಲು ನಾನಂತೂ ಸ್ಪೀಕರ್ ವೈರಿಗೆ ಕೈ ಹಾಕುವುದಿಲ್ಲ.

ಜಾತ್ರೆ, ಗುಡಿಗಳ ಹಾರ್ನ್ ಸ್ಪೀಕರಿನಲ್ಲಿ ಮಾತ್ರ ಬಾಸ್ ತಡೆಯುವುದು ಶೋಕಿಯಲ್ಲ, ಅಗತ್ಯ. ಹಾರ್ನಿನ ಬಾಯಿಗೆ ತಕ್ಕ ಕೆಳಮಿತಿ ದಾಟಿದ ಮೇಲೆ ಒಳಗಿನ ಡಯಾಫ್ರಾಮ್‌ಗೆ ಗಾಳಿಯ ಒತ್ತಾಸರೆಯೇ ಸಿಗುವುದಿಲ್ಲ. ಲಂಗುಲಗಾಮಿಲ್ಲದೆ ಕುಣಿದು ಹರಿಯುತ್ತದೆ. 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಕೂಡ ಕೆಳಗಿನ ನಾದಕ್ಕೆ ಬೇಗ ತುಂಬಿಹೋಗುತ್ತದೆ. ಭಾಷಣದ ಮೈಕಿನಲ್ಲಿ ಸಿನಿಮಾ ಹಾಡು ಹಾಕಿದ ರಾತ್ರಿಯೇ ಯೂನಿಟ್ ಸುಡುವುದರ ಹಿಂದೆ ಬಹಳ ಸಲ ಇರುವುದು ಈ ಕಾರಣ.

ಇಷ್ಟು ತಡೆದ ಮೇಲೆ ಸಂಗೀತದಲ್ಲಿ ಹೋಗುವುದು ಏನು? ಬೈರಿದೇವರಕೊಪ್ಪದಲ್ಲಿ ಕೂತು ಈ ಪ್ರಶ್ನೆ ಕೇಳದಿರಲಾಗದು. ಪಕ್ಕದ ಉಣಕಲ್ಲಿನಲ್ಲಿ ಗಂಗೂಬಾಯಿ ಹಾನಗಲ್ ಗುರುಕುಲವಿದೆ. ಗಂಟಲಿನ ಟಾನ್ಸಿಲ್ ಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ತೆಳುವಿನಿಂದ ಗಡುಸಿಗೆ ಇಳಿದದ್ದು, ಆ ಗಡುಸೇ ಕಿರಾಣಾ ಘರಾಣೆಯ ಈ ಗಾಯಕಿಯ ಗುರುತಾದದ್ದು ಈ ಊರಿನವರಿಗೆಲ್ಲ ಗೊತ್ತಿರುವ ಕತೆ. ಅಂಥ ದನಿಯ ಬುಡವನ್ನು ನಾವು ಬೆಸುಗೆ ಹಾಕಿ ಕತ್ತರಿಸುತ್ತಿದ್ದೇವೆಯೇ?

ಲೆಕ್ಕ ಹಾಕಿ ನೋಡೋಣ. ಕಪ್ಪು ಒಂದಕ್ಕೆ ಶ್ರುತಿ ಮಾಡಿದ ಗಂಡು ತಂಬೂರಿಯಲ್ಲಿ ನಡುವಿನ ಜೋಡಿ ತಂತಿ 138.6 ಹರ್ಟ್ಸ್, ಕೊನೆಯ ಖರಜದ ತಂತಿ ಅದರ ಅರ್ಧ, 69.3. 80 ಹರ್ಟ್ಸ್ ಕಡಿತದಲ್ಲಿ ಖರಜದ ಮೂಲನಾದ 4 ಡೆಸಿಬಲ್‌ಗಿಂತ ಕಡಿಮೆ ಇಳಿಯುತ್ತದೆ, ಜೋಡಿ ತಂತಿಯದು ಒಂದೂಕಾಲು. ಅದಕ್ಕಿಂತ ದೊಡ್ಡ ಸಮಾಧಾನ ತಂಬೂರಿಯ ಕುದುರೆಯ ಮೇಲಿನ ಜೀವಾಳದ ನೂಲಿನಲ್ಲಿದೆ. ಆ ನೂಲು ತಂತಿಯ ಬಲವನ್ನು ಮೂಲನಾದದಿಂದ ಕಸಿದು ಮೇಲಿನ ಉಪನಾದಗಳಿಗೆ ಹಂಚುತ್ತದೆ. 139, 208, 277 ಎಂದು 69ರ ಅಂತರದಲ್ಲಿ ಸಾಲುಗಟ್ಟಿದ ಉಪನಾದಗಳು ಕೇಳಿದರೆ, 69 ಇಲ್ಲದಿದ್ದರೂ ನಮ್ಮ ಮಿದುಳು ಅದನ್ನು ತಾನೇ ತುಂಬಿಕೊಳ್ಳುತ್ತದೆ. ಜರ್ಮನಿಯ ಆಗಸ್ಟ್ ಸೀಬೆಕ್ 1840ರ ದಶಕದಲ್ಲಿಯೇ ಸೈರನ್ ತಿರುಗಿಸಿ ಇದರ ಬಗ್ಗೆ ವಾದ ಹೂಡಿದ್ದ. ನಮಗೆ ಸೈರನ್ ಬೇಡ, ಮೊಬೈಲ್ ಸಾಕು. ಅದರ ಬೆರಳುಗುರಿನಷ್ಟು ಸ್ಪೀಕರಿನಿಂದ 69 ಹರ್ಟ್ಸ್ ಹೊರಡುವುದು ಸಾಧ್ಯವೇ ಇಲ್ಲ, ಆದರೂ ಮೊಬೈಲಿನ ತಂಬೂರಿ ಆಪ್‌ನಲ್ಲಿ ಖರಜ ಕೇಳುತ್ತದೆ.

ನಿಜಕ್ಕೂ ಹೋಗುವುದು ತಬಲಾದ ಡಗ್ಗಾ. ಅಂಗೈಯ ಬುಡ ಒತ್ತಿ ಸರಿಸಿದಾಗ ಏಳುವ ಆ ಗುಮಿಕೆ ನೂರು ಹರ್ಟ್ಸ್‌ನ ಆಚೀಚೆ ಆಡುವಂಥದು, ಉಪನಾದದ ಸಾಲೂ ಅಲ್ಲಿ ಅಷ್ಟು ಅಚ್ಚುಕಟ್ಟಾಗಿಲ್ಲ. ಕಡಿತ 72ರಲ್ಲಿದ್ದರೆ ತಡೆದುಕೊಳ್ಳಬಹುದು, 159ಕ್ಕೆ ಏರಿದರೆ ಡಗ್ಗಾ ಹೋಗಿ ಡಬ್ಬಿಯಾಗುತ್ತದೆ. ಖಯಾಲು ಹೆಚ್ಚು ಕೇಳುವ ಮನೆಯಲ್ಲಿ ನಾನಾದರೆ 60 ಹರ್ಟ್ಸ್‌ಗಿಂತ ಮೇಲೆ ಹೋಗೆನು. ಅದಕ್ಕೆ 20 ಕಿಲೊ ಓಮ್‌ನ ಆಂಪ್ಲಿಫಯರಿಗೆ 104ರ ಪಕ್ಕಕ್ಕೆ, ಬೆನ್ನಿಗಲ್ಲ, ಒಂದು 333 ಸೇರಿಸಬೇಕು. ಪಕ್ಕಪಕ್ಕಕ್ಕೆ ಹಾಕಿದವು ಕೂಡುತ್ತವೆ: 0.133 ಮೈಕ್ರೊಫ್ಯಾರಡ್. ಹಳೆಯ ಗ್ರಾಮಫೋನ್ ತಟ್ಟೆಗಳಿಂದ ಇಳಿಸಿದ ಧ್ವನಿಮುದ್ರಣಗಳಿಗಂತೂ ಇದು ಉಪಕಾರವೇ. ಅವುಗಳ ತಳದಲ್ಲಿ ಇರುವುದು ಹಾಡಲ್ಲ, ಮೋಟಾರು ಗಡಗಡಿಸಿದ ಸದ್ದು. ತಟ್ಟೆ ನುಡಿಸುವ ಸಲಕರಣೆಗೆಂದೇ 1976ರಲ್ಲಿ ಐಇಸಿ ಮಾನಕಕ್ಕೆ 20 ಹರ್ಟ್ಸ್‌ನ ಇಂಥದೊಂದು ಕಡಿತ ಸೇರಿಸಿದ್ದರು; ಕೆಲವು ಶ್ರೋತೃಗಳು ಅದನ್ನು ಇಂದಿಗೂ ಬೈಯುತ್ತಾರೆ.

ಹೊರಗಿನಿಂದ ಹಾಕಿದ ಈ ಕಂಡೆನ್ಸರಿಗೆ ಬಹುತೇಕ ಆಂಪ್ಲಿಫಯರುಗಳ ಒಳಗೊಬ್ಬ ಅಣ್ಣ ಇರುತ್ತಾನೆ. ಒಂದು ಹಂತದ ನೇರ ವಿದ್ಯುತ್ತು ಮುಂದಿನ ಹಂತಕ್ಕೆ ನುಗ್ಗದಿರಲೆಂದು ಹಾಕಿದ, ಸಾಮಾನ್ಯವಾಗಿ 1ರಿಂದ 10 ಮೈಕ್ರೊಫ್ಯಾರಡ್‌ನ ಕಪ್ಲಿಂಗ್ ಕಂಡೆನ್ಸರ್ ಅದು. ಎಲೆಕ್ಟ್ರೊಲೈಟಿಕ್ ಜಾತಿಯದಾದರೆ ವರ್ಷಗಳು ಉರುಳಿದಂತೆ ಒಳಗಿನ ದ್ರವ ಒಣಗಿ ಮೈಕ್ರೊಫ್ಯಾರಡ್ ಬೆಲೆ ಇಳಿಯುತ್ತದೆ, ಕಡಿತ ತಾನಾಗಿ ಮೇಲೇರುತ್ತದೆ. ಹಳೆಯ ಸೆಟ್ಟಿನಲ್ಲಿ ದನಿ ತೆಳುವಾಗಿದ್ದರೆ ರಿಪೇರಿಯವರು ಮೊದಲು ಬದಲಿಸುವುದು ಅದನ್ನೇ. ಆದ್ದರಿಂದ ಹತ್ತಿಪ್ಪತ್ತು ವರ್ಷದ ಆಂಪ್ಲಿಫಯರಿಗೆ ಹೊಸ ಬೆಸುಗೆ ಹಾಕುವ ಮೊದಲು ಅದರ ಬಾಸ್ ಈಗ ಎಷ್ಟಿದೆ ಎಂದು ಅಳೆದುಕೊಳ್ಳಿ.

ಅಳೆಯುವುದು ಮತ್ತೆ ಅದೇ ಮೀಟರಿನಿಂದ. ಕಂಡೆನ್ಸರ್ ಇಲ್ಲದೆ 400, 80, 40 ಹರ್ಟ್ಸ್ ಟೋನುಗಳ ಅಂಕಿ ಬರೆದುಕೊಳ್ಳಿ. ಹಾಕಿದ ಮೇಲೆ, ವಾಲ್ಯೂಮ್ ಮುಟ್ಟದೆ, ಮತ್ತೊಮ್ಮೆ. ಕಡಿತ 80ಕ್ಕೆ ಬಿದ್ದಿದ್ದರೆ 400 ಹರ್ಟ್ಸ್‌ನದು ಮೊದಲಿನ ಶೇ 98ರಷ್ಟು, 80ರದು ಶೇ 71, 40ರದು ಶೇ 45 ಇರಬೇಕು. 80ರಲ್ಲಿ ಶೇ 90 ತೋರಿಸಿದರೆ ರೋಧ ನೀವು ಎಣಿಸಿದ್ದಕ್ಕಿಂತ ಜಾಸ್ತಿ ಇದೆ, ಸಣ್ಣ ಕಂಡೆನ್ಸರ್ ಬೇಕು. ಶೇ 45 ತೋರಿಸಿದರೆ ದೊಡ್ಡದು. ಎಡ-ಬಲದ ಅಂಕಿಗಳ ನಡುವೆ ಶೇ 5ಕ್ಕಿಂತ ಹೆಚ್ಚು ಅಂತರ ಬಂದರೆ ಒಂದು ಕಡೆಯ ಬೆಸುಗೆಯನ್ನು ಮತ್ತೆ ಬಿಸಿ ಮಾಡಿ ನೋಡಿ.